ಮೊಳೆ ಹೊಡೆಯುವವ

ಯುವಕ ಮಂಡಲದ ಹಾಲಿನಲ್ಲಿರುವ ಫೋಟೋದಲ್ಲಿ ಮಾಷ್ಟ್ರು ಕುರ್ಚಿಯ ಮೇಲೆ ಕುಳಿತಿದ್ದಾರೆ. ಎರಡೂ ಕೈ ಮೊಣಕಾಲಿನ ಮೇಲೆ, ಎಣ್ಣೆ ಹಚ್ಚಿ ಬಾಚಿದ ಕೂದಲು, ಮೈಮೇಲೆ ಸ್ಟುಡಿಯೋದವನ ಕೋಟು. ಅವರನ್ನು ಬಲ್ಲವರು ಯಾರು ನೋಡಿದರೂ ಇದು ಅವರ ಹಾಗೆ ಕಾಣುವುದಿಲ್ಲ ಎನ್ನುತ್ತಾರೆ. ಮುಖ ಅವರದೇ. ಕುಳಿತದ್ದು ಮಾತ್ರ ಅವರಲ್ಲ.

ನಾನು ಮದುವೆಯಾಗಿ ಕಾರ್ಕಳದಿಂದ ಕಾಪುವಿಗೆ ಬಂದಾಗಲೇ ಅವರು ನಮ್ಮ ಕಡೆಯ ಒಂದು ಶಾಲೆಯಲ್ಲಿ ಡ್ರಿಲ್ ಮಾಷ್ಟ್ರು. ನಮ್ಮ ಮನೆಯ ಹಿಂದಿನ ಗದ್ದೆ ದಾಟಿದರೆ ಅವರ ಮನೆ. ಬೆಳಿಗ್ಗೆ ಸೀಮೆಸುಣ್ಣದ ಹುಡಿಯನ್ನು ನೀರಿನಲ್ಲಿ ಕಲಸಿ ಕ್ಯಾನ್ವಾಸ್ ಶೂಗೆ ಬಳಿದು, ಒಣಗುವ ಮೊದಲೇ ಕಾಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಗದ್ದೆಯ ಹುಣಿಯ ಕಿರುದಾರಿಯಲ್ಲಿ ಅವರು ನಡೆದ ಕಡೆಯೆಲ್ಲ ಬಿಳಿ ಗುರುತು. ಮಾಷ್ಟ್ರು ಎತ್ತ ಹೋದರು ಎಂದು ಅವರ ಹೆಂಡತಿ ಯಾರನ್ನೂ ಕೇಳಬೇಕಾಗಿರಲಿಲ್ಲ.

ನಮ್ಮ ಜಗಲಿಗೆ ಬಂದರೆ ಅತ್ತೆ ಮಣೆ ಸರಿಸಿ, "ಕೂತುಕೊಳ್ಳಿ ಮಾಷ್ಟ್ರೇ" ಎನ್ನುತ್ತಿದ್ದರು. ಅವರು ಆ ಮಣೆಯ ಮೇಲೆ ಕೊಡೆಯನ್ನು ಮಲಗಿಸಿ, "ಇದು ಕೂತುಕೊಳ್ಳಲಿ, ಇದಕ್ಕೆ ವಯಸ್ಸಾಯಿತು" ಎಂದು ಅಂಗಳದಲ್ಲಿ ತಿರುಗಲು ಸುರು ಮಾಡುತ್ತಿದ್ದರು. ಬಾವಿಕಟ್ಟೆಯಿಂದ ಪೇರಳೆ ಮರ, ಪೇರಳೆ ಮರದಿಂದ ಬಾವಿಕಟ್ಟೆ. ಕಾಫಿ ಕುಡಿಯುವುದೂ ಹಾಗೆಯೇ. ಲೋಟ ಬಾವಿಕಟ್ಟೆಯಲ್ಲಿಟ್ಟು, ಪ್ರತಿ ಸುತ್ತಿಗೆ ಒಂದು ಗುಟುಕು.

ರೇಡಿಯೋದಲ್ಲಿ ಅವರ ನಗೆಮಾತು ಸುರುವಾದದ್ದು ಎಪ್ಪತ್ತರ ದಶಕದ ಕೊನೆಗೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಅವರ ಮಾತು ಕೇಳಿದ ಯಾರೋ ರೇಡಿಯೋ ನಿಲಯದವರಿಗೆ ಹೇಳಿದರಂತೆ. ತಿಂಗಳಿಗೊಮ್ಮೆ ಸಂಜೆ ಹತ್ತು ನಿಮಿಷ. ಬಸ್ಸಿನ ಕಂಡಕ್ಟರ್, ಮದುವೆಮನೆಯ ಅಡುಗೆ ಭಟ್ಟರು, ಸೊಸೆ ಬಂದ ಮೇಲೆ ಕಿವಿ ಕೇಳಿಸದ ಅತ್ತೆ, ಗಲ್ಫಿನಿಂದ ಬಂದು ಬಿಸಿಲಿನಲ್ಲೂ ಕೋಟು ತೆಗೆಯದ ಅಳಿಯ, ಇಂಥವರೇ ಅವರ ಮಾತಿನೊಳಗೆ ತಿರುಗಾಡುತ್ತಿದ್ದವರು. ಪ್ರಸಾರವಾದ ಮರುದಿನ ಉಡುಪಿ ಬಸ್ಸಿನಲ್ಲಿ ಅವರಿಗೆ ಸೀಟು ಬಿಟ್ಟುಕೊಡಲು ನಾಲ್ಕು ಜನ ಏಳುತ್ತಿದ್ದರು. ಅವರು ಮಾತ್ರ ಬಾಗಿಲಿನ ಕಂಬಿ ಹಿಡಿದೇ ನಿಲ್ಲುವವರು.

ನನಗೂ ಆ ನಗೆಮಾತಿಗೂ ಒಂದು ಸಣ್ಣ ಸಂಬಂಧವಿತ್ತು. ಅವರ ಅಕ್ಷರ ಅವರ ನಡಿಗೆಯ ಹಾಗೆಯೇ, ಒಂದು ಕಡೆ ನಿಲ್ಲದು. ನಿಲಯಕ್ಕೆ ಬರಹವನ್ನು ಮೊದಲೇ ಕಳಿಸಬೇಕಾದ್ದರಿಂದ ಶುದ್ಧಪ್ರತಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಾನ್ವೆಂಟಿನ ಸಿಸ್ಟರ್ ಬೆರಳ ಗಂಟಿಗೆ ಅಡಿಕೋಲಿನಿಂದ ತಟ್ಟಿ ತಟ್ಟಿ ದುಂಡಗೆ ಮಾಡಿದ ಅಕ್ಷರ ನನ್ನದು. "ಕಾನ್ವೆಂಟಮ್ಮ, ನೀವು ಬರೆದರೆ ನನ್ನ ತಮಾಷೆ ಸ್ನಾನ ಮಾಡಿ ಬಂದ ಹಾಗೆ ಕಾಣುತ್ತದೆ" ಎನ್ನುತ್ತಿದ್ದರು. ಆ ಹೆಸರು ನನಗೆ ಅವರೇ ಇಟ್ಟದ್ದು. ಊರಿನಲ್ಲಿ ಈಗಲೂ ಕೆಲವರು ಹಾಗೆಯೇ ಕರೆಯುತ್ತಾರೆ.

ಆದರೆ ಶುದ್ಧಪ್ರತಿಗೆ ಬರುವ ಮೊದಲು ಪ್ರತಿ ನಗೆಮಾತೂ ನಮ್ಮ ಜಗಲಿಯಲ್ಲಿ ಒಂದು ಪರೀಕ್ಷೆ ದಾಟಬೇಕಿತ್ತು.

ಮಧ್ಯಾಹ್ನ ಊಟವಾದ ಮೇಲೆ ಅಕ್ಕಪಕ್ಕದ ಹೆಂಗಸರು ಬೀಡಿ ಕಟ್ಟಲು ನಮ್ಮ ಜಗಲಿಗೆ ಬರುತ್ತಿದ್ದರು. ಗಾಳಿ ಉಂಟು, ರೇಡಿಯೋ ಉಂಟು, ಮಾತಿಗೆ ಜನ ಉಂಟು. ತೊಡೆಯ ಮೇಲೆ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಹುಡಿ, ನೂಲಿನ ಉಂಡೆ. ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋಗಿ ಕೊಡುವ ತನಕ ಆ ಕೈಗಳು ನಿಲ್ಲುವುದಿಲ್ಲ. ಯಾರಾದರೂ ಸತ್ತ ಸುದ್ದಿ ಬಂದರೂ ಬಾಯಿ "ಅಯ್ಯೋ" ಎನ್ನುತ್ತದೆ, ಕೈ ಸುತ್ತುತ್ತಲೇ ಇರುತ್ತದೆ. ಮಾಷ್ಟ್ರು ಅಂಗಳದಲ್ಲಿ ತಿರುಗುತ್ತಾ, ಯಾರದೋ ಮನೆಯ ಸುದ್ದಿ ಹೇಳುವವರಂತೆ ತನ್ನ ಹೊಸ ನಗೆಮಾತನ್ನು ಅವರ ಮುಂದೆ ಬಿಡುತ್ತಿದ್ದರು. ಇದು ರೇಡಿಯೋಕ್ಕೆ ಎಂದು ಹೇಳುತ್ತಿರಲಿಲ್ಲ. ಹೆಂಗಸರಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವರೂ ಹೇಳುತ್ತಿರಲಿಲ್ಲ.

ಮೊದಲಿಗೆ ನಾನು ಯಾರು ನಕ್ಕರು ಎಂದು ನೋಡುತ್ತಿದ್ದೆ. "ಬಾಯಿ ನೋಡಬೇಡಿ" ಎಂದರು ಒಮ್ಮೆ, ಅಡುಗೆಮನೆಯ ಕಿಟಕಿಯ ಹತ್ತಿರ ಬಂದು ಮೆಲ್ಲನೆ. "ಬಾಯಿ ಮರ್ಯಾದೆಗೂ ನಗುತ್ತದೆ. ಕೈ ನೋಡಿ. ಕೈ ನಿಂತರೆ ಮಾತು ತಾಗಿತು. ಬೀಡಿ ಕಟ್ಟುವ ಕೈ ನಿಂತರೆ ಅವರಿಗೆ ನಷ್ಟ. ನಷ್ಟ ಮಾಡಿಕೊಂಡು ಯಾರೂ ಸುಮ್ಮನೆ ಕೇಳುವುದಿಲ್ಲ."

ಅಂದಿನಿಂದ ನನಗೂ ಕೈ ನೋಡುವ ಅಭ್ಯಾಸವಾಯಿತು.

ಆ ಗುಂಪಿನಲ್ಲಿ ಅತಿ ಬೇಗ ಕಟ್ಟುತ್ತಿದ್ದವಳು ಗಿರಿಜಕ್ಕ. ಗಂಡ ಮೀನಿಗೆ ಹೋದವರು ಹಿಂದೆ ಬರಲಿಲ್ಲ. ಒಬ್ಬನೇ ಮಗ, ಉಮೇಶ. ಮಾಡಿನ ಹಂಚು ಸರಿಮಾಡುವುದು, ಬಾಗಿಲಿನ ಚಿಲಕ ರಿಪೇರಿ, ಗೋಡೆಗೆ ಮೊಳೆ, ಎಲ್ಲ ಅವನೇ. ಶಾಲೆಯಲ್ಲಿ ಮಾಷ್ಟ್ರ ಕವಾಯತಿನ ತಂಡದ ಮುಂದೆ ನಡೆಯುತ್ತಿದ್ದ ಹುಡುಗ. ಅವನು ಸೈನ್ಯಕ್ಕೆ ಸೇರಿದ್ದೂ ಮಾಷ್ಟ್ರಿಂದಲೇ. ಭರ್ತಿ ನಡೆಯುವ ಸುದ್ದಿ ತಂದವರು ಅವರು, ನಡತೆಯ ಸರ್ಟಿಫಿಕೇಟಿಗೆ ಓಡಿದವರು ಅವರು, ಬೆಳಗಿನ ಬಸ್ಸಿಗೆ ಅವನನ್ನು ಹತ್ತಿಸಿಕೊಂಡು ಹೋದವರೂ ಅವರೇ. ಅವನು ಆಯ್ಕೆಯಾದ ದಿನ ನಮ್ಮ ಅಂಗಳಕ್ಕೆ ಬಂದು, "ಗಿರಿಜಾ, ನಿನ್ನ ಮಗನ ಎದೆ ಅಳತೆ ಮಾಡುವವನ ಟೇಪು ಸಾಲಲಿಲ್ಲ" ಎಂದರು. ಗಿರಿಜಕ್ಕ ನಕ್ಕಳು. ಕೈ ನಿಲ್ಲಲಿಲ್ಲ.

ನಮ್ಮ ಸೈನ್ಯ ಶ್ರೀಲಂಕಾಕ್ಕೆ ಹೋದ ವರ್ಷ ಉಮೇಶನ ತುಕಡಿಯೂ ಅಲ್ಲಿಗೆ ಹೋಯಿತು. ಶಾಂತಿ ಕಾಯಲು ಎಂದು ರೇಡಿಯೋದಲ್ಲಿ ಹೇಳಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ರೇಡಿಯೋದಲ್ಲಿ ಸತ್ತವರ ಸುದ್ದಿ ಬರತೊಡಗಿತು. ಉಮೇಶನ ಕಾಗದ ನಿಂತಿತು. ಮಾಷ್ಟ್ರ ಸುತ್ತು ದೊಡ್ಡದಾಯಿತು. ಬಾವಿಕಟ್ಟೆ, ಪೇರಳೆ ಮರ ಸಾಲದೆ ಗೇಟಿನ ತನಕ ಹೋಗಿ, ಅಂಚೆಯವನ ಸೈಕಲ್ ಕಾಣುತ್ತದೆಯೇ ನೋಡಿ ಬರುತ್ತಿದ್ದರು. ಗಿರಿಜಕ್ಕ ಅದನ್ನು ನೋಡಿ, "ನೀವು ಹಾಗೆ ತಿರುಗಿದರೆ ನನಗೆ ಹೆದರಿಕೆಯಾಗುತ್ತದೆ, ಒಂದು ಕಡೆ ನಿಲ್ಲಿ ಮಾರಾಯ್ರೆ" ಎನ್ನುತ್ತಿದ್ದಳು.

ಹಾಗಿರುವಾಗ ಒಂದು ಮಧ್ಯಾಹ್ನ ಅವರು ಹೊಸ ನಗೆಮಾತು ಬಿಟ್ಟರು. ಶಾಲೆಯ ಮೈದಾನದಲ್ಲಿ ಇಬ್ಬರು ಹುಡುಗರು ಹೊಡೆದಾಡುತ್ತಿರುತ್ತಾರೆ. ಬಿಡಿಸಲು ಡ್ರಿಲ್ ಮಾಷ್ಟ್ರು ಬೆತ್ತ ಹಿಡಿದು ಹೋಗುತ್ತಾರೆ. ಶಾಂತಿಗೆ ಹೋಗುವವನ ಕೈಯಲ್ಲಿ ಬೆತ್ತ ಯಾಕೆ ಎಂದು ಒಬ್ಬ ಹುಡುಗ ಕೇಳುತ್ತಾನೆ. "ಇದು ಶಾಂತಿಯ ಬೆತ್ತ" ಎನ್ನುತ್ತಾರೆ ಮಾಷ್ಟ್ರು. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಮಾಷ್ಟ್ರಿಗೇ ಒಂದು ಕೊಡುತ್ತಾನೆ, ಮಾಷ್ಟ್ರು ಅವನಿಗೆ ಎರಡು. ಕೊನೆಗೆ ಬೆಲ್ ಹೊಡೆಯುವಾಗ ಮೈದಾನದಲ್ಲಿ ಹೊಡೆದಾಡುತ್ತಿರುವವರು ಮಾಷ್ಟ್ರು ಒಬ್ಬರೇ. ಜಗಳ ಸುರು ಮಾಡಿದವರಲ್ಲಿ ಒಬ್ಬ ಬದಿಯಲ್ಲಿ ಕೂತು ನೆಲಕಡಲೆ ತಿನ್ನುತ್ತಾ, "ಮಾಷ್ಟ್ರೇ, ನಿಮಗೆ ಹಸಿವಾಗುವುದಿಲ್ಲವಾ" ಎಂದು ಕೇಳುತ್ತಾನೆ.

ಹೆಂಗಸರು ಜೋರಾಗಿ ನಕ್ಕರು. ಕೈಗಳು ಸುತ್ತುತ್ತಲೇ ಇದ್ದವು. ಮಾಷ್ಟ್ರಿಗೆ ಸಮಾಧಾನವಾಗಲಿಲ್ಲ. ಮತ್ತೊಂದು ಸುತ್ತು ಹೊರಟರು.

ಆಗ ಬದಿಯ ಮನೆಯ ಹೆಂಗಸೊಬ್ಬಳು ಗಿರಿಜಕ್ಕನಿಗೆ ಧೈರ್ಯ ಹೇಳಲೆಂದು, "ನೀನು ಎಂತಕ್ಕೆ ಮುಖ ಸಣ್ಣ ಮಾಡುವುದು? ಅವನಿಗೆ ಪದಕ ಸಿಗುತ್ತದೆ ನೋಡು. ಗೋಡೆಗೆ ಹಾಕಬಹುದು" ಎಂದಳು.

ಗಿರಿಜಕ್ಕ ಎಲೆ ಕತ್ತರಿಸುತ್ತಾ ಹೇಳಿದಳು: "ಗೋಡೆಗೆ ಹಾಕಲು ಮೊಳೆ ಹೊಡೆಯಬೇಕಲ್ಲ. ನಮ್ಮ ಮನೆಯಲ್ಲಿ ಮೊಳೆ ಹೊಡೆಯುವವ ಅವನೊಬ್ಬನೇ. ಅವನ ಬದಲಿಗೆ ಪದಕ ಬಂದರೆ ಹೊಡೆಯುವುದು ಯಾರು?"

ಅವಳು ಅದನ್ನು ಅಳುತ್ತಾ ಹೇಳಲಿಲ್ಲ. ನಾಳೆ ದೋಸೆಗೆ ಅಕ್ಕಿ ಕಡೆಯುವವರು ಯಾರು ಎಂದು ಕೇಳುವ ಹಾಗೆ ಕೇಳಿದಳು. ಜಗಲಿಯಲ್ಲಿ ಅಷ್ಟೂ ಕೈಗಳು ನಿಂತವು. ಅವಳ ಕತ್ತರಿ ಮಾತ್ರ ಎಲೆಯ ಅಂಚಿನಲ್ಲಿ ಓಡುತ್ತಿತ್ತು. ನಾನು ಅಂಗಳ ನೋಡಿದೆ. ಬಾವಿಕಟ್ಟೆಗೂ ಪೇರಳೆ ಮರಕ್ಕೂ ನಡುವೆ ಮಾಷ್ಟ್ರ ಬಿಳಿ ಶೂ ಎರಡೂ ನೆಲದ ಮೇಲೆ ಜೋಡಿಯಾಗಿ ನಿಂತಿದ್ದವು.

ಶುದ್ಧಪ್ರತಿ ಮಾಡುವಾಗ ಆ ಮಾತು ಕೊನೆಯಲ್ಲಿ ಬಂದು ಕೂತಿತ್ತು. "ಇದು ನಗುವ ಮಾತಲ್ಲ ಮಾಷ್ಟ್ರೇ" ಎಂದೆ.

"ನಗೆಮಾತಿನಲ್ಲಿ ಒಂದು ಕಡೆಯಾದರೂ ನಗು ನಿಲ್ಲಬೇಕು ಕಾನ್ವೆಂಟಮ್ಮ. ಇಲ್ಲದಿದ್ದರೆ ಇಷ್ಟು ಹೊತ್ತು ಯಾವುದಕ್ಕೆ ನಕ್ಕೆವು ಎಂದು ಗೊತ್ತಾಗುವುದು ಹೇಗೆ?"

ಗಿರಿಜಕ್ಕನನ್ನು ಕೇಳಿದರು. "ಹಾಕಿ, ನನಗೆಂತ" ಎಂದಳು.

ಪ್ರಸಾರದ ಸಂಜೆ ಅದೇ ಜಗಲಿಯಲ್ಲಿ ನಾವೆಲ್ಲ ಕೂತಿದ್ದೆವು. ಬೆತ್ತದ ಮಾಷ್ಟ್ರ ಕಥೆಗೆ ಅತ್ತೆಯೂ ನಕ್ಕರು. ಕೊನೆಗೆ ರೇಡಿಯೋದಲ್ಲಿ ಮಾಷ್ಟ್ರ ದನಿ ತಗ್ಗಿತು. "ಪದಕ ಬಂದರೆ ಗೋಡೆಗೆ ಹಾಕಬೇಕು. ಗೋಡೆಗೆ ಹಾಕಲು ಮೊಳೆ ಬೇಕು. ಮೊಳೆ ಹೊಡೆಯಲು ಮನೆಯಲ್ಲಿ ಮಗ ಬೇಕು. ಮಗನ ಬದಲಿಗೆ ಪದಕವೇ ಬಂದರೆ ಮೊಳೆ ಹೊಡೆಯುವವರು ಯಾರು? ನಮಸ್ಕಾರ." ಅದರ ಹಿಂದೆಯೇ ಒಂದು ಚಿತ್ರಗೀತೆ ಹಾಕಿದರು, ಮದುಮಗಳನ್ನು ಹಾಡಿ ಹೊಗಳುವಂಥದ್ದು. ಅತ್ತೆ ಎದ್ದು ರೇಡಿಯೋ ಬಂದ್ ಮಾಡಿದರು.

ಮರುದಿನ ಉಡುಪಿ ಬಸ್ಸಿನಲ್ಲಿ ಮಾಷ್ಟ್ರಿಗೆ ಸೀಟು ಬಿಡಲು ಯಾರೂ ಏಳಲಿಲ್ಲ. ಕಂಡಕ್ಟರ್ ಚಿಲ್ಲರೆ ಕೊಡುವಾಗ ಮುಖ ನೋಡಲಿಲ್ಲವಂತೆ. "ಅವನ ಬಗ್ಗೆ ಎಷ್ಟು ತಮಾಷೆ ಮಾಡಿದ್ದೇನೆ, ಒಂದು ದಿನವೂ ಬೇಜಾರು ಮಾಡಿಕೊಂಡವನಲ್ಲ" ಎಂದು ಅಂಗಳದಲ್ಲಿ ಹೇಳುತ್ತಾ ತಿರುಗಿದರು. ರಥಬೀದಿಯ ಹೋಟೆಲಿನಲ್ಲಿ ಎರಡು ಮೇಜಿನವರ ನಡುವೆ ಜಗಳವಾಗಿ, ದಣಿಗಳು ಬಂದು, "ತಿಂಡಿ ತಿನ್ನಿ, ಯುದ್ಧ ಹೊರಗೆ" ಎಂದರಂತೆ. ನಮ್ಮವರು ಮಣಿಪಾಲದ ಆಫೀಸಿನಿಂದ ಬಂದು, ಕ್ಯಾಂಟೀನಿನಲ್ಲಿ ಅರ್ಧ ಜನ ಅವರು ದೇಶದ್ರೋಹಿ ಎಂದರು, ಅರ್ಧ ಜನ ಅವರಿಗೆ ಕುಡಿಯುವ ಚಟ ಎಂದರು ಎಂದು ವರದಿ ಕೊಟ್ಟರು. "ಅವರು ಕಾಫಿ ಬಿಟ್ಟು ಎಂತ ಕುಡಿಯುತ್ತಾರೆ?" ಎಂದೆ. "ಅದು ನನಗೆ ಗೊತ್ತುಂಟು, ಕ್ಯಾಂಟೀನಿಗೆ ಗೊತ್ತಿಲ್ಲ" ಎಂದರು.

ಪತ್ರಿಕೆಯ ಓದುಗರ ಅಂಕಣದಲ್ಲಿ ದಿನಾ ಒಂದೆರಡು ಪತ್ರ. ಹೆಸರಿಲ್ಲದ ಕಾರ್ಡುಗಳು ಮನೆಗೆ. ಒಂದು ಬೆಳಿಗ್ಗೆ ಅವರ ಗೇಟಿಗೆ ಯಾರೋ ಸೆಗಣಿ ಬಳಿದಿದ್ದರು. ಅವರ ಹೆಂಡತಿ ನೀರು ತಂದು ತೊಳೆದರು. ಮಾಷ್ಟ್ರು ಮಾತ್ರ, "ಪಾಪ, ಕೈಯಲ್ಲೇ ಬಳಿದದ್ದು, ಬೆರಳು ಗುರುತು ಉಂಟು. ನನ್ನ ಮೇಲೆ ಅಷ್ಟು ಶ್ರದ್ಧೆ ಇದ್ದವ ಯಾರು?" ಎಂದು ಗುರುತಿನ ಹತ್ತಿರ ತನ್ನ ಬೆರಳಿಟ್ಟು ನೋಡಿದರಂತೆ.

ನಿಲಯದವರು ನಗೆಮಾತನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ ಎಂದರು. ಬರಹವನ್ನು ಮೊದಲೇ ಓದಿ ಒಪ್ಪಿದವರಿಗೆ ಕೊನೆಯ ಆ ನಾಲ್ಕು ಸಾಲು ಮಾತ್ರ ಕಂಡಿರಲಿಲ್ಲವಂತೆ. ನನ್ನ ದುಂಡಗಿನ ಅಕ್ಷರದಲ್ಲಿ ಬರೆದದ್ದು.

ಹೊಗಳಲು ಬಂದವರೂ ಇದ್ದರು. ಅವರಿಂದ ಮಾಷ್ಟ್ರಿಗೆ ಹೆಚ್ಚು ಕಷ್ಟವಾಯಿತು. ಕಾಲೇಜಿನಲ್ಲಿ ಪಾಠ ಹೇಳುವ ಇಬ್ಬರು ಸ್ಕೂಟರಿನಲ್ಲಿ ಬಂದು, ನಿಮ್ಮ ಪರವಾಗಿ ಸಭೆ ಮಾಡುತ್ತೇವೆ, ನೀವು ಮುಖ್ಯ ಭಾಷಣ ಮಾಡಬೇಕು ಎಂದರು. "ನಮ್ಮ ಹುಡುಗ ಅಲ್ಲಿ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ, ನಿಮಗೆ ಭಾಷಣವಾ?" ಎಂದು ಅವರ ಸ್ಕೂಟರನ್ನು ತಾನೇ ತಿರುಗಿಸಿ ನಿಲ್ಲಿಸಿದರು. ಮಟ್ಟುವಿನಿಂದ ಒಬ್ಬರು ಒಂದು ಚೀಲ ಗುಳ್ಳ ಬದನೆ ತಂದುಕೊಟ್ಟು ಹೇಳಿದ ಮಾತು ಮಾತ್ರ ಅವರಿಗೆ ಇಷ್ಟವಾಯಿತು. "ನೀವು ಹೇಳಿದ್ದು ನಾನು ಕೇಳಿಲ್ಲ ಮಾಷ್ಟ್ರೇ, ಬ್ಯಾಟರಿ ಹೋಗಿತ್ತು. ಆದರೆ ಇಷ್ಟು ಜನ ಒಟ್ಟಿಗೆ ಬೈಯಬೇಕಾದರೆ ಎಂತದೋ ಸತ್ಯ ಇರಬೇಕು." ಆ ಗುಳ್ಳದ ಹುಳಿ ನಮ್ಮ ಮನೆಗೂ ಬಂತು.

ಆ ನಡುವೆ ನಾನು ತವರಿಗೆ ಕಾರ್ಕಳಕ್ಕೆ ಹೋಗಿದ್ದೆ. ತವರುಮನೆಯ ಬದಿಯಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದರು. ನಾನು ಕಾನ್ವೆಂಟಿಗೆ ಹೋಗುವಾಗ ಗೇಟಿನಲ್ಲಿ ನಿಂತು ಪೆಪ್ಪರ್‌ಮಿಂಟ್ ಕೊಡುತ್ತಿದ್ದವರು. ನನ್ನನ್ನು ಒಳಗೆ ಕರೆದು ಗೋಡೆ ತೋರಿಸಿದರು. ಕನ್ನಡಿಯ ಚೌಕಟ್ಟಿನೊಳಗೆ ಪದಕಗಳು, ಒಂದು ತರಗೆಲೆ ಬಣ್ಣದ ಫೋಟೋ.

"ಮಗಾ, ಈ ಮೊಳೆ ನಾನೇ ಹೊಡೆದದ್ದು" ಎಂದರು. "ಈ ಫೋಟೋದಲ್ಲಿ ನನ್ನ ಬದಿಯಲ್ಲಿ ನಿಂತವನ ಮನೆಯಲ್ಲಿಯೂ ನಾನೇ ಹೋಗಿ ಹೊಡೆದೆ. ಅವನ ಅಮ್ಮ ನೋಡುತ್ತಾ ಇದ್ದರು. ನಿಮ್ಮ ಮಾಷ್ಟ್ರು ಅದನ್ನು ಜೋಕು ಮಾಡಿದರಲ್ಲ."

ನನಗೆ ಉತ್ತರ ಇತ್ತು. ಆದರೆ ಅದು ನನ್ನ ಉತ್ತರವಲ್ಲ, ಗಿರಿಜಕ್ಕನದು. ಅವರ ಕೈ ಚೌಕಟ್ಟಿನ ಅಂಚಿನಲ್ಲಿ ಇಲ್ಲದ ಧೂಳನ್ನು ಒರೆಸುತ್ತಿತ್ತು. ಅದನ್ನು ನೋಡಿಕೊಂಡು ಬಂದೆ.

ಗಣರಾಜ್ಯೋತ್ಸವಕ್ಕೆ ಶಾಲೆಯವರು ಕವಾಯತನ್ನು ಗಣಿತದ ಮಾಷ್ಟ್ರಿಗೆ ಕೊಟ್ಟರು. ನನ್ನ ಮಗಳೂ ಅದೇ ಶಾಲೆಯವಳು, ನಾನು ನೋಡಲು ಹೋಗಿದ್ದೆ. ಸಾಲು ಸೊಟ್ಟವಾಯಿತು, ಅರ್ಧ ಮಕ್ಕಳ ಎಡಗಾಲು ಮುಂದೆ, ಅರ್ಧ ಮಕ್ಕಳ ಬಲಗಾಲು ಮುಂದೆ. ಕಂಪೌಂಡಿನ ಹೊರಗೆ ರಸ್ತೆಯಲ್ಲಿ ಕೊಡೆ ಹಿಡಿದು ಮಾಷ್ಟ್ರು ಅತ್ತಿಂದಿತ್ತ ನಡೆಯುತ್ತಿದ್ದರು. ಹತ್ತಿರ ಹೋದಾಗ ಕೇಳಿಸಿತು. ಬಾಯೊಳಗೇ "ಲೆಫ್ಟ್, ಲೆಫ್ಟ್, ಲೆಫ್ಟ್" ಎನ್ನುತ್ತಿದ್ದರು. ನನ್ನನ್ನು ನೋಡಿ, "ಗಣಿತ ಸರಿ ಉಂಟು, ಕಾಲು ಎರಡೇ ಎಂಬುದು ಅವರಿಗೆ ಮರೆತುಹೋಗಿದೆ" ಎಂದರು. ನಗಲಿಲ್ಲ.

ಅದಾದ ಮೇಲೆ ಕಾರ್ಕಳದಿಂದ ಬಂದ ಆ ಸುಬೇದಾರರೂ ನಮ್ಮೂರಿನ ನಾಲ್ಕು ಜನ ಹಿರಿಯರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಪೊಲೀಸು, ಕೋರ್ಟು ಬೇಡ. ಯುವಕ ಮಂಡಲದ ಹಾಲಿನಲ್ಲಿ ಸಭೆ ಕರೆಯುವುದು. ಊರಿನ ಒಬ್ಬ ಸೈನಿಕನ ತಾಯಿಯನ್ನು ವೇದಿಕೆಯಲ್ಲಿ ಕೂರಿಸುವುದು. ಮಾಷ್ಟ್ರು ಆ ತಾಯಿಯ ಮುಂದೆ ತಪ್ಪಾಯಿತು ಎಂದು ಹೇಳಿದರೆ ಸಾಕು, ಎಲ್ಲ ಅಲ್ಲಿಗೆ ಮುಗಿಯಿತು. ನಮ್ಮೂರಿನಲ್ಲಿ ಸೈನಿಕನ ತಾಯಿ ಎಂದರೆ ಗಿರಿಜಕ್ಕ. ಅವಳ ಮನೆಗೇ ಹೋಗಿ, ಹಣ್ಣುಕಾಯಿ ಇಟ್ಟು, ಬರಬೇಕು ಎಂದು ಹೇಳಿಹೋದರು.

ಗಿರಿಜಕ್ಕ ಮೊರ ಹಿಡಿದುಕೊಂಡೇ ನಮ್ಮ ಅಡುಗೆಮನೆಗೆ ಬಂದಳು. ಮಾಷ್ಟ್ರು ಬಾವಿಕಟ್ಟೆಯಿಂದ ಬಂದು ಬಾಗಿಲಲ್ಲಿ ನಿಂತರು. ನಿಂತರು ಎಂದರೆ ಆ ಕಾಲಿನಿಂದ ಈ ಕಾಲಿಗೆ ಭಾರ ಬದಲಿಸುತ್ತಿದ್ದರು.

"ನಾನು ಹೇಳಿದ ಮಾತಿಗೆ ನೀವು ನನ್ನ ಹತ್ತಿರವೇ ತಪ್ಪಾಯಿತು ಎನ್ನುವುದು ಯಾವ ನ್ಯಾಯ?" ಎಂದಳು.

"ನ್ಯಾಯ ಬೇಡ, ನೀನು ಸುಮ್ಮನೆ ಕೂತುಕೋ. ನಾನು ಹೇಳಿ ಇಳಿಯುತ್ತೇನೆ. ಎರಡು ನಿಮಿಷ."

"ನಾನು ಹೇಳಿದ್ದು ಎಂದು ಹೇಳುತ್ತೇನೆ."

"ಗಿರಿಜಾ, ಪೇಪರಿನವರು ಬರುತ್ತಾರೆ. ನಿನ್ನ ಹೆಸರು, ಅವನ ಹೆಸರು ಎಲ್ಲ ಬರೆಯುತ್ತಾರೆ. ಅವನ ಮೇಲಿನವರಿಗೆ ಯಾರಾದರೂ ಅದನ್ನು ಕಳಿಸಿಕೊಟ್ಟರೆ? ನಿನ್ನ ಬಾಯಿ ನಿನ್ನದು. ಅವನ ತಲೆ ಈಗ ಅವನದಲ್ಲ."

"ಅವನಿಗೆ ಎಂತ ಮಾಡುತ್ತಾರೆ?"

"ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಕಾರಣವೇ ಹೇಳುವುದು. ಅವನನ್ನು ಅಲ್ಲಿಗೆ ಹತ್ತಿಸಿದ್ದು ನಾನು. ಇಷ್ಟಾದರೂ ನನಗೆ ಬಿಡು."

ಗಿರಿಜಕ್ಕ ನನ್ನ ಮುಖ ನೋಡಿದಳು. ನಾನು ಒಲೆಯ ಮೇಲಿನ ಹಾಲನ್ನು ನೋಡುತ್ತಿದ್ದೆ. ಇಬ್ಬರೂ ಸರಿಯಿದ್ದಾಗ ಎತ್ತ ನೋಡಬೇಕು ಎಂದು ನಮಗೆ ಕಾನ್ವೆಂಟಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಸಭೆಯ ದಿನ ಹಾಲ್ ತುಂಬಿ ಕಿಟಕಿಯಲ್ಲಿಯೂ ಜನ. ಪಡುಬಿದ್ರಿಯಿಂದಲೂ ಬಂದಿದ್ದರು. ವೇದಿಕೆಯಲ್ಲಿ ಮಡಚುವ ಕುರ್ಚಿಗಳು. ಗಿರಿಜಕ್ಕ ನೇರಳೆ ಸೀರೆ ಉಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬೀಡಿ ಎಲೆಯಿಲ್ಲದ ಅವಳ ಕೈಯನ್ನು ನಾನು ಮೊದಲ ಸಲ ನೋಡಿದ್ದು ಆಗ. ಮಡಿಲಲ್ಲಿ ಹೆಬ್ಬೆರಳು ತೋರುಬೆರಳಿನ ಮೇಲೆ ಉಜ್ಜುತ್ತಲೇ ಇತ್ತು, ಇಲ್ಲದ ಬೀಡಿಯನ್ನು ಸುತ್ತುವ ಹಾಗೆ. ಬದಿಯ ಕುರ್ಚಿಯಲ್ಲಿ ಮಾಷ್ಟ್ರು. ಕೂತಿದ್ದರು. ಹೌದು, ಅವರು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಬಾರಿ. ಶೂಗೆ ಆ ದಿನ ಬಿಳಿ ಬಳಿದಿರಲಿಲ್ಲ.

ಸುಬೇದಾರರು ನಾಲ್ಕು ಮಾತು ಹೇಳಿದರು. ದನಿ ಏರಿಸಲಿಲ್ಲ. ತನ್ನ ಗೆಳೆಯನ ಮನೆಯಲ್ಲಿ ಮೊಳೆ ಹೊಡೆದದ್ದನ್ನು ಹೇಳುವಾಗ ನಿಲ್ಲಿಸಿ ನೀರು ಕುಡಿದರು. ಮಾಷ್ಟ್ರು ತಲೆ ಎತ್ತಿ ಅವರನ್ನು ನೋಡಿದರು, ನಂತರ ಎದ್ದರು.

"ನನ್ನ ಮಾತಿನಿಂದ ಯಾವ ತಾಯಿಗಾದರೂ ನೋವಾಗಿದ್ದರೆ," ಎಂದು ಸುರು ಮಾಡಿದರು.

"ಆ ಮಾತು ನನ್ನದು" ಎಂದಳು ಗಿರಿಜಕ್ಕ.

ಮೈಕು ಮಾಷ್ಟ್ರ ಮುಂದೆ ಇದ್ದರೂ ಎಲ್ಲರಿಗೂ ಕೇಳಿಸಿತು. "ಮೊಳೆಯ ಮಾತು ನಾನು ಹೇಳಿದ್ದು. ಈ ಕಾನ್ವೆಂಟಮ್ಮನ ಜಗಲಿಯಲ್ಲಿ. ಮಾಷ್ಟ್ರು ಅದನ್ನು ರೇಡಿಯೋದಲ್ಲಿ ಹೇಳಿದರು ಅಷ್ಟೆ. ನನ್ನ ಹತ್ತಿರ ತಪ್ಪಾಯಿತು ಎನ್ನಲಿಕ್ಕೆ ಅವರು ನನಗೆ ಎಂತ ಮಾಡಿದ್ದಾರೆ?"

ಇನ್ನು ಎಲ್ಲರೂ ಅವಳ ಮೇಲೆ ಬೀಳುತ್ತಾರೆ ಎಂದುಕೊಂಡೆ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅದು ಮುಂದಕ್ಕೆ ಬಂತು, ಕಿಟಕಿಗೆ ಹೋಯಿತು, ಇಡೀ ಹಾಲ್ ತಟ್ಟಿತು. "ನೋಡಿ, ತಾಯಿ ಹೃದಯ ಎಂದರೆ ಇದು" ಎಂದರು ಒಬ್ಬರು. "ಗೇಲಿ ಮಾಡಿದವನ ತಪ್ಪನ್ನೂ ತನ್ನ ಮೇಲೆ ಹಾಕಿಕೊಂಡಳಲ್ಲ" ಎಂದರು ಇನ್ನೊಬ್ಬರು.

"ಹಾಗಲ್ಲ ಮಾರಾಯ್ರೆ, ನಿಜವಾಗಿಯೂ ನಾನೇ ಹೇಳಿದ್ದು" ಎಂದಳು. ಚಪ್ಪಾಳೆ ಇನ್ನೂ ಜೋರಾಯಿತು. ಸುಬೇದಾರರು ಎದ್ದು ಬಂದು ಅವಳಿಗೆ ಕೈ ಮುಗಿದರು, ಅವರ ಕಣ್ಣು ತುಂಬಿತ್ತು. ಗಿರಿಜಕ್ಕ ಸಿಟ್ಟಿನಿಂದ ಕೆಂಪಾಗಿ ಮಾಷ್ಟ್ರನ್ನು ನೋಡಿದಳು. ಮಾಷ್ಟ್ರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು. ಜನ ಅದನ್ನು ಪಶ್ಚಾತ್ತಾಪ ಎಂದುಕೊಂಡರು. ಅವರ ಭುಜ ಅಲುಗುವ ರೀತಿ ನನಗೆ ಗೊತ್ತಿತ್ತು. ಅವರು ನಗು ತಡೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ನಗುವೇ ಎಂದು ನನಗೂ ಖಚಿತವಿರಲಿಲ್ಲ.

ಗದ್ದೆಯ ಹುಣಿಯಲ್ಲಿ ಮನೆಗೆ ಬರುವಾಗ ಮುಂದೆ ನಡೆಯುತ್ತಾ ಹೇಳಿದರು: "ಗಿರಿಜಾ, ಇಷ್ಟು ವರ್ಷದ ನನ್ನ ಯಾವ ನಗೆಮಾತಿಗೂ ಇಂಥ ಚಪ್ಪಾಳೆ ಬಿದ್ದಿಲ್ಲ."

"ನಿಮ್ಮ ಬಾಯಿಂದ ಕೇಳಿದರೆ ಬೈಯುತ್ತಾರೆ, ನನ್ನ ಬಾಯಿಂದ ಕೇಳಿದರೆ ನಂಬುವುದಿಲ್ಲ" ಎಂದಳು ಅವಳು. "ಇನ್ನು ಯಾರು ಹೇಳಬೇಕು ಮತ್ತೆ?"

ಮರುದಿನದ ಪತ್ರಿಕೆಯಲ್ಲಿ ಸೈನಿಕನ ತಾಯಿಯ ಔದಾರ್ಯ ಎಂದು ಬಂತು. ಉಮೇಶನ ಹೆಸರೂ ಇತ್ತು. ಅವನ ಮೇಲಿನವರಿಗೆ ಕಳಿಸಿದರೂ ಹೆಮ್ಮೆಪಡುವಂತೆಯೇ ಇತ್ತು. ಮಾಷ್ಟ್ರು ಅದನ್ನು ಓದಿ ಮಡಚಿ ನನ್ನ ಅತ್ತೆಯ ಮಣೆಯ ಮೇಲೆ, ಕೊಡೆಯ ಬದಿಗಿಟ್ಟರು. ಬಸ್ಸಿನಲ್ಲಿ ಕಂಡಕ್ಟರ್ ಮತ್ತೆ ಮಾತಾಡಿದ. ಶಾಲೆಯವರು ಕವಾಯತನ್ನು ಹಿಂದೆ ಕೊಟ್ಟರು. ನಿಲಯದವರು ಮಾತ್ರ ಮತ್ತೆ ಕರೆಯಲಿಲ್ಲ. ಸದ್ಯಕ್ಕೆ ಎಂದು ನಿಲ್ಲಿಸಿದ್ದು ಹಾಗೆಯೇ ನಿಂತಿತು. ಅವರೂ ಕೇಳಲಿಲ್ಲ. ಸಂಜೆ ನಗೆಮಾತು ಬರುತ್ತಿದ್ದ ಹೊತ್ತಿಗೆ ಲೈಟ್‌ಹೌಸಿನ ಕಡೆಯಿಂದ ಮಟ್ಟುವಿನ ತನಕ ಸಮುದ್ರದ ಬದಿಯಲ್ಲಿ ನಡೆದು ಬರುತ್ತಿದ್ದರು. ಒಬ್ಬರೇ ಮಾತಾಡಿಕೊಳ್ಳುತ್ತಾರೆ ಎಂದು ಮೀನಿನ ಹೆಂಗಸರು ಹೇಳುತ್ತಿದ್ದರು.

ಉಮೇಶ ಬಂದ. ಒಂದು ಮಧ್ಯಾಹ್ನ, ಕಾಗದವೂ ಇಲ್ಲದೆ, ಹಸಿರು ಟ್ರಂಕು ಹೊತ್ತುಕೊಂಡು ನಮ್ಮ ಜಗಲಿಗೇ ಬಂದು ನಿಂತ. ಅಮ್ಮ ಆ ಹೊತ್ತಿಗೆ ಎಲ್ಲಿರುತ್ತಾಳೆ ಎಂದು ಅವನಿಗೆ ಗೊತ್ತಿತ್ತಲ್ಲ. ತೆಳ್ಳಗಾಗಿದ್ದ. ಗಿರಿಜಕ್ಕ ಕಟ್ಟುತ್ತಿದ್ದ ಬೀಡಿಯನ್ನು ಮುಗಿಸಿ, ನೂಲು ಸುತ್ತಿ, ಮೊರ ಕೆಳಗಿಟ್ಟು ಎದ್ದಳು.

ಮಾಷ್ಟ್ರಿಗೆ ಸುದ್ದಿ ಹೋಗಿ ಓಡಿಕೊಂಡೇ ಬಂದರು. ಅವನ ಮುಂದೆ ಏನೂ ತೋಚದೆ, "ಎದೆ ಮುಂದೆ, ಹೊಟ್ಟೆ ಒಳಗೆ" ಎಂದರು. ಅವನು ಅಭ್ಯಾಸಬಲದಿಂದ ನೆಟ್ಟಗೆ ನಿಂತ. ಆ ಮೇಲೆ ಇಬ್ಬರೂ ಅಂಗಳದಲ್ಲಿ ತಿರುಗಿದರು. ಒಂದು ಕಡೆ ನಿಲ್ಲಲು ಅವನಿಗೂ ಆಗುತ್ತಿರಲಿಲ್ಲ ಎಂಬುದನ್ನು ನಾನು ಆಗ ಕಂಡೆ. ಕಾಫಿ ಕೊಡಲು ಹೋದಾಗ ಅವನು ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು.

"ಮೊಳೆಯ ಮಾತು ಅಮ್ಮನ ಬಾಯಿಂದಲೇ ಕೇಳಿದೆ ಮಾಷ್ಟ್ರೇ. ಅಲ್ಲಿ ನಾವು ಹೋದ ಊರುಗಳಲ್ಲಿ ಮೊಳೆ ಹೊಡೆಯಲು ಗೋಡೆಯೇ ಇರಲಿಲ್ಲ."

ಮಾಷ್ಟ್ರು ನಡೆಯುತ್ತಲೇ ಇದ್ದರು. ಬಾವಿಕಟ್ಟೆ ಮುಟ್ಟಿ ತಿರುಗಿ ಬಂದು ನನ್ನನ್ನು ನೋಡಿ, "ಇದನ್ನು ಶುದ್ಧಪ್ರತಿ ಮಾಡಬೇಡಿ ಕಾನ್ವೆಂಟಮ್ಮ" ಎಂದರು. ಇಂದಿನ ತನಕ ಮಾಡಿರಲಿಲ್ಲ.

ನಿವೃತ್ತರಾಗಿ ಹೆಚ್ಚು ಕಾಲ ಅವರು ಇರಲಿಲ್ಲ. ಕಳೆದ ಮಳೆಗಾಲದಲ್ಲಿ ನಡೆಯುತ್ತಿದ್ದವರು ದಾರಿಯಲ್ಲೇ ಹೋದರು. ಯುವಕ ಮಂಡಲದವರು ಅದೇ ಹಾಲಿನಲ್ಲಿ ಸಭೆ ಇಟ್ಟರು, ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಹಾರ ತಂದಿದ್ದರು, ದೀಪ ತಂದಿದ್ದರು. ಫೋಟೋ ಹಾಕಲು ಗೋಡೆಯಲ್ಲಿ ಮೊಳೆ ಇರಲಿಲ್ಲ. ಅದನ್ನು ಒಂದು ಮಡಚುವ ಕುರ್ಚಿಗೆ ಒರಗಿಸಿಟ್ಟು, ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಗಿರಿಜಕ್ಕನ ಬದಿಯಲ್ಲಿದ್ದೆ. ಅವಳ ಮಡಿಲಲ್ಲಿ ಬೆರಳು ಉಜ್ಜುತ್ತಿತ್ತು.

ರಜೆಯಲ್ಲಿ ಬಂದಿದ್ದ ಉಮೇಶ ಎದ್ದು ಹೊರಗೆ ಹೋದ. ಬದಿಯ ಸೈಕಲ್ ಅಂಗಡಿಯಿಂದ ಸುತ್ತಿಗೆಯನ್ನೂ ಒಂದು ಮೊಳೆಯನ್ನೂ ತಂದು ಸ್ಟೂಲ್ ಹತ್ತಿದ. ಕಾರ್ಕಳದಿಂದ ಬಂದಿದ್ದ ಸುಬೇದಾರರು, ಯಾರೂ ಹೇಳದೆ, ಹೋಗಿ ಆ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

"ಇಲ್ಲಿ ಸಾಕಾ ಅಮ್ಮಾ?" ಎಂದು ಉಮೇಶ ತಿರುಗಿ ಕೇಳಿದ.

"ಸ್ವಲ್ಪ ಮೇಲೆ" ಎಂದಳು ಗಿರಿಜಕ್ಕ. "ಹಾಂ. ಅಲ್ಲಿ."

ಅವನು ಹೊಡೆದ. ನಾನು ಅಭ್ಯಾಸದಿಂದ ಅವಳ ಕೈ ನೋಡಿದೆ. ಬೆರಳು ನಿಂತಿತ್ತು.